2 ಇಂಚಾ, 4 ಇಂಚಾ? ಲಿಫ್ಟ್ ಎತ್ತರ ಲೆಕ್ಕ ಹಾಕೋದು ಹೇಗೆ

ಪ್ರಶ್ನೆ: ನನ್ನ ಫೋರ್ ಬೈ ಫೋರ್ ಗಾಡಿಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡೋದು), ಹಿಂದೆ ಕಾಯಿಲ್ ಸ್ಪ್ರಿಂಗ್ ಇರೋ ಸಾಲಿಡ್ ಆಕ್ಸಲ್ (ಎರಡು ಚಕ್ರ ಸೇರಿಸೋ ಒಂದೇ ಗಟ್ಟಿ ಅಚ್ಚು). ಕಂಪನಿ ಟೈರ್ 31 ಇಂಚು. ದಿನಾ ಓಡಿಸೋದೂ ಇದೇ ಗಾಡಿ, ಆಗಾಗ ಕಲ್ಲು, ಹಳ್ಳದ ದಾರಿಗೂ ಮನೆಯವರ ಜೊತೆ ಹೋಗ್ತೀವಿ. ದಿಬ್ಬ ದಾಟೋವಾಗ ಗಾಡಿ ಹೊಟ್ಟೆ ಉಜ್ಜತ್ತೆ, ಕಲ್ಲಿನ ದಾರೀಲಿ ಹಿಂದಿನ ಡಿಫರೆನ್ಷಿಯಲ್ (ಇಂಜಿನ್ ಶಕ್ತಿಯನ್ನ ಎರಡು ಚಕ್ರಕ್ಕೆ ಹಂಚೋ ಗೇರ್ ಗುಂಡು) ಕಲ್ಲಿಗೆ ಹೊಡೆಯತ್ತೆ. ಮುಂದೆ ಸ್ಟೀಲ್ ಬಂಪರ್, ವಿಂಚ್ (ಸಿಕ್ಕಿಹಾಕ್ಕೊಂಡ ಗಾಡೀನ ಹಗ್ಗದಿಂದ ಎಳೆಯೋ ಮೋಟಾರ್), ಮೇಲೆ ರೂಫ್ ರ್ಯಾಕ್ ಹಾಕಿಸೋ ಪ್ಲಾನ್ ಇದೆ. ಗೆಳೆಯರು ಲಿಫ್ಟ್ (ಸಸ್ಪೆನ್ಷನ್‌ನಲ್ಲಿ ಗಾಡಿ ಬಾಡೀನ ಎತ್ತರಿಸೋ ಕಿಟ್) ಹಾಕಿಸಿದ್ರೆ 4 ಇಂಚೇ ಹಾಕ್ಸು ಅಂತಾರೆ, ಕಿಟ್ ಮಾರೋರು 2 ಇಂಚಿನ ಸ್ಪೇಸರ್ (ಹಳೇ ಸ್ಪ್ರಿಂಗ್ ಇಟ್ಕೊಂಡೇ ಅದರ ಮೇಲೆ ಕೂರಿಸೋ ಬಿಲ್ಲೆ) ಸಾಕು ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ನಿಮ್ಮ ಗಾಡಿಗೆ, ನೀವು ಹೇಳಿರೋ ಬಳಕೆಗೆ, 40ರಿಂದ 50 ಎಂಎಂ ಅಂದ್ರೆ ಹೆಚ್ಚು ಕಮ್ಮಿ 2 ಇಂಚು ಸಾಕು, ಆದ್ರೆ ಅದು ಸ್ಪೇಸರ್‌ನಿಂದ ಬರಬಾರದು, ಸರಿಯಾದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದೋ ಶಾಕ್ ಅಬ್ಸಾರ್ಬರ್‌ನಿಂದ ಬರಬೇಕು. ಹೀಗೆ ಯಾಕೆ ಹೇಳ್ತಿದೀನಿ ಅನ್ನೋದನ್ನ ಪೂರ್ತಿ ಓದಿ, ಯಾಕಂದ್ರೆ ನಾಳೆ ಇನ್ನೊಬ್ಬರು ಬಂದು 3 ಇಂಚು ಅಂದಾಗ ನೀವೇ ಲೆಕ್ಕ ಹಾಕೋ ಹಾಗಿರಬೇಕು.

ಮೊದಲು ನಿಮ್ಮ ಎರಡು ತೊಂದರೆ ನೋಡೋಣ. ಹೊಟ್ಟೆ ಉಜ್ಜೋದು ಒಂದು, ಡಿಫರೆನ್ಷಿಯಲ್ ಹೊಡೆಯೋದು ಇನ್ನೊಂದು. ಕೇಳೋಕೆ ಎರಡೂ ಒಂದೇ ಥರ ಇದ್ರೂ ಲಿಫ್ಟ್‌ನಿಂದ ಸರಿಹೋಗೋದು ಮೊದಲನೇದು ಮಾತ್ರ. ಸಾಲಿಡ್ ಆಕ್ಸಲ್ ಗಾಡೀಲಿ ಡಿಫರೆನ್ಷಿಯಲ್ ಇರೋದು ಆಕ್ಸಲ್ ಒಳಗೇನೇ, ಆಕ್ಸಲ್ ಕೂತಿರೋದು ಟೈರ್ ಮಧ್ಯಕ್ಕೆ, ಸ್ಪ್ರಿಂಗ್ ಇರೋದು ಆಕ್ಸಲ್ ಮೇಲೆ. ಸ್ಪ್ರಿಂಗ್ ಉದ್ದ ಮಾಡಿದ್ರೆ ಬಾಡಿ, ಚಾಸಿಸ್ ಮೇಲೆ ಹೋಗತ್ತೆ, ಆಕ್ಸಲ್ ಇದ್ದಲ್ಲೇ ಇರತ್ತೆ. 4 ಇಂಚಲ್ಲ, 6 ಇಂಚು ಎತ್ತಿದ್ರೂ ನಿಮ್ಮ ಹಿಂದಿನ ಡಿಫರೆನ್ಷಿಯಲ್ ನೆಲದಿಂದ ಈಗ ಎಷ್ಟು ಎತ್ತರದಲ್ಲಿದ್ಯೋ ಅಷ್ಟೇ ಇರತ್ತೆ, ಅದೇ ಕಲ್ಲಿಗೆ ಮತ್ತೆ ಹೊಡೆಯತ್ತೆ. ಅದನ್ನ ಮೇಲೆ ಎತ್ತೋಕೆ ಇರೋ ದಾರಿ ದೊಡ್ಡ ಟೈರ್ ಮಾತ್ರ, ಅದೂ ಟೈರ್ ವ್ಯಾಸ ಎಷ್ಟು ಜಾಸ್ತಿ ಆಯ್ತೋ ಅದರ ಅರ್ಧದಷ್ಟು. 31ರಿಂದ 33ಕ್ಕೆ ಹೋದ್ರೆ ಸಿಗೋದು 1 ಇಂಚು. ಕಮ್ಮಿ ಅನ್ಸತ್ತೆ, ಆದ್ರೆ ಕಲ್ಲಿನ ದಾರೀಲಿ ಆ ಒಂದಿಂಚು ದೊಡ್ಡದು.

ಹಾಗಾಗಿ ನಾನು ಯಾರಿಗೇ ಆಗ್ಲಿ ಮೊದಲು ಕೇಳೋದು ಯಾವ ಟೈರ್ ಹಾಕ್ತೀರಿ ಅಂತ. ಟೈರ್ ತೀರ್ಮಾನ ಆಗ್ಲಿ, ಆಮೇಲೆ ಗಾಡಿ ಮೇಲೆ ಖಾಯಂ ಎಷ್ಟು ಭಾರ ಕೂರತ್ತೆ ಅನ್ನೋದು, ಆಮೇಲೆ ಅವೆರಡಕ್ಕೂ ಬೇಕಾಗೋಷ್ಟು ಲಿಫ್ಟ್. ಬಹಳ ಜನ ಇದನ್ನ ತಿರುಗಾಮುರುಗಾ ಮಾಡ್ತಾರೆ, ಮೊದಲು ಎತ್ತಿಸ್ತಾರೆ, ಆಮೇಲೆ ಮಡ್‌ಗಾರ್ಡ್ ಒಳಗೆ ಟೈರ್ ಸಣ್ಣದಾಗಿ ಕಾಣತ್ತೆ ಅಂತ ದೊಡ್ಡ ಟೈರ್, ಆಮೇಲೆ ಗಾಡಿ ಎಳೀತಿಲ್ಲ ಅಂತ ಗೇರ್ ರೇಶಿಯೋ, ಆಮೇಲೆ ಬ್ರೇಕ್ ಸಾಲ್ತಿಲ್ಲ ಅಂತ ಇನ್ನೊಂದು, ಹೀಗೆ ಖರ್ಚು ಮುಗಿಯೋದೇ ಇಲ್ಲ.

ನಿಮ್ಮ ಗಾಡಿಗೆ 32 ಅಥವಾ ಹೆಚ್ಚು ಅಂದ್ರೆ 33 ಇಂಚು ಸರಿ ಅಂತ ನನ್ನ ಅಭಿಪ್ರಾಯ. 33 ಹಾಕಿದ್ರೆ ಟೈರ್ ಸುತ್ತಳತೆ ಸುಮಾರು 6 ಪರ್ಸೆಂಟ್ ಜಾಸ್ತಿ ಆಗತ್ತೆ, ಸ್ಪೀಡೋಮೀಟರ್ 100 ತೋರಿಸೋವಾಗ ಟೈರ್ ಲೆಕ್ಕದಲ್ಲಿ ಗಾಡಿ 106ರ ಹತ್ತಿರ ಓಡ್ತಿರತ್ತೆ, ಅಷ್ಟೇ ಪ್ರಮಾಣದಲ್ಲಿ ಗೇರಿಂಗ್ ಭಾರ ಆಗತ್ತೆ. 6 ಪರ್ಸೆಂಟ್‌ನ ಇಂಜಿನ್ ತಡ್ಕೊಳತ್ತೆ, ಗೇರ್ ರೇಶಿಯೋ ಬದಲಾಯಿಸೋ ಅಗತ್ಯ ಸಾಮಾನ್ಯವಾಗಿ ಬರಲ್ಲ. 35ಕ್ಕೆ ಹೋದ್ರೆ ಅದು 13 ಪರ್ಸೆಂಟ್ ಆಗತ್ತೆ, ಆಗ ಏರಿನಲ್ಲಿ ಟಾಪ್ ಗೇರ್ ಇದ್ದೂ ಇಲ್ಲದ ಹಾಗೆ, ಕ್ಲಚ್ ಮೇಲೂ ಬ್ರೇಕ್ ಮೇಲೂ ಹೊರೆ, ಸ್ಟೀರಿಂಗ್ ರ್ಯಾಕ್ ಮತ್ತು ಬಾಲ್ ಜಾಯಿಂಟ್ ಬೇಗ ಹೋಗತ್ತೆ. ದಿನಾ ಓಡಿಸೋ ಗಾಡಿಗೆ 35 ನಾನು ಹೇಳಲ್ಲ.

ಇನ್ನು ಹೊಟ್ಟೆ ಉಜ್ಜೋ ವಿಷಯ. ಇದಕ್ಕೆ ಬ್ರೇಕ್‌ಓವರ್ ಆಂಗಲ್ ಅಂತಾರೆ, ಅಂದ್ರೆ ಎರಡು ಆಕ್ಸಲ್ ಮಧ್ಯೆ ಗಾಡಿ ತಾಗಿಸ್ಕೊಳ್ದೆ ಎಷ್ಟು ಚೂಪಾದ ದಿಬ್ಬ ದಾಟಬಹುದು ಅನ್ನೋ ಕೋನ. ಇದು ಎರಡರ ಮೇಲೆ ನಿಂತಿದೆ, ವೀಲ್‌ಬೇಸ್ ಮತ್ತು ಹೊಟ್ಟೆ ಎತ್ತರ. ಉದಾಹರಣೆಗೆ ವೀಲ್‌ಬೇಸ್ 2450 ಎಂಎಂ, ಮಧ್ಯದಲ್ಲಿ ಎತ್ತರ 250 ಎಂಎಂ ಅಂತ ಇಟ್ಕೊಳಿ, ಟೈರ್ ಗಾತ್ರ ಹಿಡೀದೆ ಒರಟು ಲೆಕ್ಕ ಹಾಕಿದ್ರೆ ಕೋನ 23 ಡಿಗ್ರಿ ಬರತ್ತೆ. 50 ಎಂಎಂ ಎತ್ತಿದ್ರೆ 27 ದಾಟತ್ತೆ, 100 ಎಂಎಂ ಎತ್ತಿದ್ರೆ 32ರ ಹತ್ತಿರ. ಅಂದ್ರೆ ಪ್ರತಿ 2 ಇಂಚಿಗೂ ನಾಲ್ಕು ನಾಲ್ಕೂವರೆ ಡಿಗ್ರಿ. ಅದೇ 3000 ಎಂಎಂ ವೀಲ್‌ಬೇಸ್ ಇರೋ ಪಿಕಪ್ ಆದ್ರೆ 250 ಎಂಎಂ ಎತ್ತರಕ್ಕೆ 19 ಡಿಗ್ರಿ ಕೂಡ ಬರಲ್ಲ, ಉದ್ದ ಗಾಡಿಗೆ ಹೊಟ್ಟೆ ತಾಗೋದು ಅದಕ್ಕೇ ಜಾಸ್ತಿ. ನಿಮಗೆ 2 ಇಂಚು ಲಿಫ್ಟ್ ಮತ್ತು 33 ಟೈರ್‌ನಿಂದ ಇನ್ನೊಂದಿಂಚು ಸೇರಿ 75 ಎಂಎಂ ಸಿಗತ್ತೆ, ಈಗ ಉಜ್ಜೋ ದಿಬ್ಬಗಳಲ್ಲಿ ಹೆಚ್ಚಿನವು ಅಷ್ಟರಲ್ಲೇ ದಾಟತ್ತೆ. ಮಿಕ್ಕಿದ್ದಕ್ಕೆ ಹೊಟ್ಟೆ ಕೆಳಗೆ ಒಳ್ಳೆ ಸ್ಕಿಡ್ ಪ್ಲೇಟ್ (ರಕ್ಷಣೆಗೆ ಹಾಕೋ ಲೋಹದ ತಗಡು) ಮತ್ತು ಪಕ್ಕಕ್ಕೆ ರಾಕ್ ಸ್ಲೈಡರ್ (ಬಾಗಿಲ ಕೆಳಗಿನ ಗಟ್ಟಿ ಪೈಪ್) ಹಾಕ್ಸಿ, ಆಗ ಉಜ್ಜಿದ್ರೂ ಜಾರ್ಕೊಂಡು ಹೋಗತ್ತೆ. ಇನ್ನೆರಡು ಇಂಚು ಎತ್ತೋದಕ್ಕಿಂತ ಇದು ಎಷ್ಟೋ ಒಳ್ಳೆ ಖರ್ಚು.

ಈಗ 4 ಇಂಚು ಯಾಕೆ ಬೇಡ ಅಂದೆ ಅಂತ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರೋ ಗಾಡೀಲಿ ಮುಂದಿನ ಡಿಫರೆನ್ಷಿಯಲ್ ಚಾಸಿಸ್‌ಗೆ ಬೋಲ್ಟ್ ಆಗಿರತ್ತೆ, ಅಲ್ಲಿಂದ ಎರಡು ಕಡೆ ಚಕ್ರಕ್ಕೆ ಡ್ರೈವ್ ಶಾಫ್ಟ್ ಹೋಗತ್ತೆ, ಅದರ ಎರಡೂ ತುದೀಲಿ ಸಿವಿ ಜಾಯಿಂಟ್, ಅಂದ್ರೆ ಓರೆಯಾಗಿದ್ರೂ ಶಾಫ್ಟ್ ಸಮವಾಗಿ ತಿರುಗೋಕೆ ಬಿಡೋ ಕೀಲು, ಅದರ ಮೇಲೆ ಗ್ರೀಸ್ ತುಂಬಿದ ರಬ್ಬರ್ ಬೂಟ್. ಗಾಡಿ ಎತ್ತಿದ್ರೆ ಡಿಫರೆನ್ಷಿಯಲ್ ಮೇಲೆ ಹೋಗತ್ತೆ, ಚಕ್ರ ಕೆಳಗೇ ಇರತ್ತೆ, ಶಾಫ್ಟ್ ಇಳಿಜಾರಾಗತ್ತೆ. 2 ಇಂಚಿನವರೆಗೆ ಆ ಕೋನ ತಡೆಯೋ ಮಟ್ಟದಲ್ಲಿರತ್ತೆ. ಅದನ್ನ ದಾಟಿದ್ರೆ ರಬ್ಬರ್ ಬೂಟ್‌ನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯತ್ತೆ, ಗ್ರೀಸ್ ಹೊರಗೆ ಬಂದು ಧೂಳು ಒಳಗೆ ಹೋಗತ್ತೆ, ಪೂರ್ತಿ ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ಕೊಟ್ರೆ ಟಕ ಟಕ ಸದ್ದು ಶುರು. ಒಂದು ಚಕ್ರ ಗಾಳೀಲಿ ನೇತಾಡ್ತಾ ಇದ್ದಾಗ ಜೋರಾಗಿ ಕೊಟ್ರೆ ಜಾಯಿಂಟ್ ಮುರಿದು ಹೋಗೋದೂ ಉಂಟು. ಅದಕ್ಕೇ 4 ಇಂಚಿನ ಕಿಟ್‌ಗಳಲ್ಲಿ ಬ್ರಾಕೆಟ್ ಕೊಟ್ಟು ಡಿಫರೆನ್ಷಿಯಲ್‌ನ, ಲೋವರ್ ಆರ್ಮ್‌ಗಳನ್ನ (ಚಕ್ರವನ್ನ ಚಾಸಿಸ್‌ಗೆ ಜೋಡಿಸೋ ಕೆಳಗಿನ ತೋಳು), ಕ್ರಾಸ್ ಮೆಂಬರ್‌ನ (ಚಾಸಿಸ್‌ನ ಅಡ್ಡ ತೊಲೆ) ಎಲ್ಲಾ ಕೆಳಗೆ ಇಳಿಸ್ತಾರೆ. ಈಗ ಯೋಚನೆ ಮಾಡಿ, ಬಾಡಿ ಮೇಲೆ ಹೋಯ್ತು, ಅದರ ಕೆಳಗಿದ್ದ ಕಬ್ಬಿಣ ವಾಪಸ್ ಕೆಳಗೆ ಬಂತು, ಹಾಗಾದ್ರೆ ಮುಂದಿನ ಭಾಗದಲ್ಲಿ ಕಲ್ಲಿಗೆ ಸಿಕ್ಕ ಜಾಗ ಎಷ್ಟು? ಆ ಥರ ಕಿಟ್‌ನಲ್ಲಿ ದೊಡ್ಡ ಟೈರ್‌ಗೆ ಜಾಗ ಆಗತ್ತೆ ನಿಜ, ಮುಂದೆ ಮಧ್ಯದ ಕ್ಲಿಯರೆನ್ಸ್ ಮಾತ್ರ ಎತ್ತಿದ್ದಕ್ಕೆ ತಕ್ಕ ಹಾಗೆ ಬರಲ್ಲ. 35 ಇಂಚು ಟೈರ್ ಬೇಡ ಅಂದ್ಮೇಲೆ ಈ ಕಿಟ್‌ಗೆ ದುಡ್ಡು ಸುರಿಯೋಕೆ ಕಾರಣವೇ ಉಳಿಯಲ್ಲ.

ಹಿಂದಿನ ಆಕ್ಸಲ್‌ನಲ್ಲೂ ಒಂದು ಕಥೆ ಇದೆ. ಕಾಯಿಲ್ ಸ್ಪ್ರಿಂಗ್ ಇರೋ ಸಾಲಿಡ್ ಆಕ್ಸಲ್ ಪಕ್ಕಕ್ಕೆ ಸರೀದೆ ಇರ್ಲಿ ಅಂತ ಸಾಮಾನ್ಯವಾಗಿ ಒಂದು ಅಡ್ಡ ರಾಡ್ ಇರತ್ತೆ, ಪ್ಯಾನ್‌ಹಾರ್ಡ್ ರಾಡ್, ಒಂದು ತುದಿ ಚಾಸಿಸ್‌ಗೆ ಇನ್ನೊಂದು ತುದಿ ಆಕ್ಸಲ್‌ಗೆ. ಗಾಡಿ ಎತ್ತಿದ್ರೆ ಈ ರಾಡ್ ಓರೆ ಆಗತ್ತೆ, ಉದ್ದ ಅಷ್ಟೇ ಇರೋದ್ರಿಂದ ಆಕ್ಸಲ್‌ನ ಒಂದು ಪಕ್ಕಕ್ಕೆ ಎಳ್ಕೊಳತ್ತೆ. ರಾಡ್ 900 ಎಂಎಂ ಇದೆ, ಎರಡು ತುದಿ ಮಧ್ಯೆ ಮೊದಲೇ 50 ಎಂಎಂ ಎತ್ತರದ ವ್ಯತ್ಯಾಸ ಇದೆ ಅಂದ್ರೆ, 2 ಇಂಚು ಎತ್ತಿದಾಗ ಆಕ್ಸಲ್ ಸರಿಯೋದು 4 ಎಂಎಂ, ಅದು ಕಣ್ಣಿಗೂ ಕಾಣಲ್ಲ. 4 ಇಂಚು ಎತ್ತಿದ್ರೆ 11 ಎಂಎಂ, ಎತ್ತರ ಎರಡು ಪಟ್ಟು ಆದ್ರೆ ಸರಿಯೋದು ಎರಡೂವರೆ ಪಟ್ಟು ದಾಟತ್ತೆ. ಸ್ಟೀರಿಂಗ್, ಶಾಫ್ಟ್, ಬ್ರೇಕ್ ಹೋಸ್ ಎಲ್ಲಾದ್ರಲ್ಲೂ ಇದೇ ನಡೆಯೋದು, ಮೊದಲ 2 ಇಂಚನ್ನ ಕಂಪನಿ ಡಿಸೈನ್ ಹೇಗೋ ತಾಳ್ಕೊಳತ್ತೆ, ಆಮೇಲಿನ ಪ್ರತಿ ಇಂಚಿಗೂ ಒಂದೊಂದು ಹೊಸ ಪಾರ್ಟ್ ಬೇಕಾಗತ್ತೆ. ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಪ್ರೊಪೆಲ್ಲರ್ ಶಾಫ್ಟ್‌ನ ಯುನಿವರ್ಸಲ್ ಜಾಯಿಂಟ್ ಕೋನ ಜಾಸ್ತಿ ಆದ್ರೆ ಒಂದು ಸ್ಪೀಡ್‌ನಲ್ಲಿ ಸೀಟ್ ಕೆಳಗೆ ಗುಂಯ್ ಅಂತ ನಡುಕ ಬರತ್ತೆ, ಜನ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ಮಾಡಿಸಿ ಸುಸ್ತಾಗ್ತಾರೆ. (ಮುಂದೂ ಸಾಲಿಡ್ ಆಕ್ಸಲ್ ಇರೋ ಜಿಮ್ನಿ, ರ್ಯಾಂಗ್ಲರ್ ಥರದ ಗಾಡಿಯವರು ಇದನ್ನ ಓದ್ತಿದ್ರೆ ನಿಮಗೆ ಸಿವಿ ತೊಂದರೆ ಇಷ್ಟಿಲ್ಲ, ಆದ್ರೆ ಕ್ಯಾಸ್ಟರ್, ಅಂದ್ರೆ ಸ್ಟೀರಿಂಗ್ ನೇರ ನಿಲ್ಲಿಸೋ ಹಿಂಬಾಗು ಕೋನ, ಒಂದೆರಡು ಡಿಗ್ರಿ ಕಮ್ಮಿ ಆಗಿ ಹೈವೇಲಿ ಸ್ಟೀರಿಂಗ್ ಅಲೆಯೋಕೆ ಶುರು ಆಗತ್ತೆ, ಅದನ್ನ ಸರಿ ಮಾಡ್ದೆ ಬಿಡಬೇಡಿ.)

ಪಲ್ಟಿ ವಿಷಯ ಇನ್ನೂ ಮುಖ್ಯ, ಮನೆಯವರನ್ನ ಕೂರಿಸ್ಕೊಂಡು ಹೋಗೋ ಗಾಡಿ ಅಂದಿದೀರಿ. ಗಾಡಿ ಎಷ್ಟು ಸುಲಭವಾಗಿ ಪಲ್ಟಿ ಹೊಡೆಯತ್ತೆ ಅನ್ನೋದಕ್ಕೆ ಒಂದು ಸರಳ ಅಳತೆ ಇದೆ, ಎಡ ಬಲ ಚಕ್ರದ ಮಧ್ಯದ ಅಗಲವನ್ನ ಗುರುತ್ವ ಕೇಂದ್ರದ ಎತ್ತರದ ಎರಡು ಪಟ್ಟಿನಿಂದ ಭಾಗಿಸೋದು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಪಲ್ಟಿ ರೇಟಿಂಗ್‌ಗೆ ಬಳಸೋದೂ ಇದನ್ನೇ. ಅಗಲ 1500 ಎಂಎಂ, ಕೇಂದ್ರದ ಎತ್ತರ 700 ಎಂಎಂ ಅಂದ್ರೆ 1.07 ಬರತ್ತೆ, ಈ ಸಂಖ್ಯೆ ಕಮ್ಮಿ ಆದಷ್ಟೂ ಪಲ್ಟಿ ಸುಲಭ. 2 ಇಂಚು ಎತ್ತಿದ್ರೆ ಕೇಂದ್ರ ಸುಮಾರು 40 ಎಂಎಂ ಮೇಲೆ ಹೋಗತ್ತೆ, ಪೂರ್ತಿ 50 ಯಾಕಲ್ಲ ಅಂದ್ರೆ ಆಕ್ಸಲ್, ಚಕ್ರ ಎಲ್ಲಾ ಕೆಳಗೇ ಉಳಿದಿರತ್ತೆ, ಆಗ ಲೆಕ್ಕ 1.01. 4 ಇಂಚಿಗೆ 0.96. ದೊಡ್ಡ ಟೈರ್ ಹಾಕಿದ್ರೆ ವ್ಯಾಸ ಜಾಸ್ತಿ ಆಗಿದ್ದರ ಅರ್ಧವೂ ಕೇಂದ್ರದ ಎತ್ತರಕ್ಕೆ ಸೇರತ್ತೆ. ನಿಂತ ಜಾಗದಲ್ಲಿ ಓರೆ ಮಾಡಿದ್ರೆ ಬೀಳೋ ಕೋನ ಕಾಗದದ ಮೇಲೆ 47 ಡಿಗ್ರಿಯಿಂದ 44ಕ್ಕೆ ಬಂತು ಅಷ್ಟೇ ತಾನೆ ಅನ್ನಬೇಡಿ, ನಿಜವಾದ ಗಾಡೀಲಿ ಸ್ಪ್ರಿಂಗ್ ಒತ್ತಿ ಬಾಡಿ ವಾಲೋದ್ರಿಂದ ಅದಕ್ಕಿಂತ ಬಹಳ ಮೊದಲೇ ಬೀಳತ್ತೆ, ಅಡ್ಡ ಇಳಿಜಾರಲ್ಲಿ ಒಂದು ಚಕ್ರ ಕಲ್ಲು ಹತ್ತಿದ್ರೆ ಆ ಮೂರು ಡಿಗ್ರಿನೇ ಎಲ್ಲಾ.

ರೂಫ್ ರ್ಯಾಕ್ ಬಗ್ಗೆ ಇಲ್ಲೇ ಹೇಳ್ಬಿಡ್ತೀನಿ. 2 ಟನ್ ಗಾಡಿ ಮೇಲೆ, ನೆಲದಿಂದ 1.9 ಮೀಟರ್ ಎತ್ತರದಲ್ಲಿ 50 ಕೆಜಿ ಸಾಮಾನು ಇಟ್ರೆ ಗುರುತ್ವ ಕೇಂದ್ರ ಹತ್ತಿರ ಹತ್ತಿರ 28 ಎಂಎಂ ಮೇಲೆ ಹೋಗತ್ತೆ. ಅಂದ್ರೆ ಹೆಚ್ಚು ಕಮ್ಮಿ ಒಂದೂವರೆ ಇಂಚು ಲಿಫ್ಟ್ ಹಾಕ್ಸಿದ್ದಕ್ಕೆ ಸಮ, ಕೆಳಗೆ ಒಂದಿಷ್ಟೂ ಕ್ಲಿಯರೆನ್ಸ್ ಸಿಗದೆ. ನೀರಿನ ಕ್ಯಾನ್, ಟೂಲ್ ಬಾಕ್ಸ್, ಇನ್ನೊಂದು ಸ್ಟೆಪ್ನಿ ಇವನ್ನೆಲ್ಲ ಮೇಲೆ ಹಾಕಬೇಡಿ, ಹಾಸಿಗೆ ಟೆಂಟ್ ಥರದ ಹಗುರ ಸಾಮಾನು ಇರ್ಲಿ. ಲಿಫ್ಟ್ ಎಷ್ಟು ಅಂತ ತಲೆ ಕೆಡಿಸ್ಕೊಳೋರು ರ್ಯಾಕ್ ಮೇಲಿನ ಭಾರ ಎಷ್ಟು ಅಂತ ಯೋಚನೆನೇ ಮಾಡಲ್ಲ, ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಇನ್ನು ಸ್ಪೇಸರ್. ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಜೋಡಣೆ) ಲೋವರ್ ಆರ್ಮ್‌ನ ಮಧ್ಯಭಾಗದಲ್ಲೆಲ್ಲೋ ಕೂತಿರೋದ್ರಿಂದ 25 ಎಂಎಂ ಸ್ಪೇಸರ್ ಹಾಕಿದ್ರೆ ಚಕ್ರದ ಹತ್ತಿರ ಸುಮಾರು 50 ಎಂಎಂ ಎತ್ತರ ಬರತ್ತೆ, ಅದಕ್ಕೇ ಅಷ್ಟು ಚಿಕ್ಕ ಬಿಲ್ಲೆ ಅಷ್ಟು ಕಡಿಮೆ ಖರ್ಚಲ್ಲಿ 2 ಇಂಚು ಕೊಡತ್ತೆ. ಎರಡು ಥರ ಇದೆ. ಒಂದು ಸ್ಟ್ರಟ್ ಮೇಲೆ ಕೂರೋದು, ಇದು ಇಡೀ ಸ್ಟ್ರಟ್‌ನ ಕೆಳಗೆ ತಳ್ಳತ್ತೆ, ಚಕ್ರ ನೇತಾಡಿದಾಗ ಕಂಪನಿ ಇಟ್ಟ ಮಿತಿ ದಾಟಿ ಕೆಳಗೆ ಹೋಗತ್ತೆ, ಸಿವಿ ಮತ್ತು ಬಾಲ್ ಜಾಯಿಂಟ್ ಎಳೆತಕ್ಕೆ ಸಿಗತ್ತೆ, ಕೆಲವು ಗಾಡೀಲಿ ಅಪ್ಪರ್ ಆರ್ಮ್ ಹೋಗಿ ಸ್ಪ್ರಿಂಗ್‌ಗೇ ತಾಗತ್ತೆ. ಇನ್ನೊಂದು ಸ್ಪ್ರಿಂಗ್ ಮೇಲೆ ಕೂತು ಅದನ್ನ ಒತ್ತೋದು, ಇದ್ರಲ್ಲಿ ಶಾಕ್ ಉದ್ದ ಬದಲಾಗಲ್ಲ, ಆದ್ರೆ ಚಕ್ರ ಕೆಳಗಿಳಿಯೋಕೆ ಇದ್ದ ಜಾಗವನ್ನೇ ಲಿಫ್ಟ್ ತಿನ್ನತ್ತೆ. ಮೊದಲು 90 ಎಂಎಂ ಕೆಳಗಿಳೀತಿದ್ದ ಚಕ್ರ ಈಗ 40 ಎಂಎಂ ಇಳಿಯತ್ತೆ. ಪ್ರತಿ ಹಂಪ್ ಹಾರಿದಾಗ್ಲೂ ಶಾಕ್ ತುದಿಗೆ ಬಂದು ಟಕ್ ಅಂತ ಹೊಡೆಯತ್ತೆ, ಹಳ್ಳದಲ್ಲಿ ಚಕ್ರ ನೆಲ ಬಿಟ್ಟು ಗಾಳೀಲಿ ಸುಮ್ನೆ ತಿರುಗತ್ತೆ. ಗಾಡಿ ನೋಡೋಕೆ ಎತ್ತರ, ದಾರೀಲಿ ಮೊದಲಿಗಿಂತ ಕಡೆ. ಗುಂಡಿಗೆ ಚಕ್ರ ಇಳಿದು ನೆಲ ಹಿಡ್ಕೊಳೋದೇ ಆಫ್‌ರೋಡ್ ಅಂದ್ರೆ. ಟಾರ್ ರಸ್ತೇಲಿ ಮಾತ್ರ ಓಡೋ ಗಾಡಿ ಮುಂದೆ ಸ್ವಲ್ಪ ಕುಗ್ಗಿದೆ, ಹಿಂದಿನ ಮಟ್ಟಕ್ಕೆ ತರಬೇಕು ಅಂದ್ರೆ ಸಣ್ಣ ಸ್ಪೇಸರ್ ನಡೆಯತ್ತೆ. ನಿಮ್ಮ ಬಳಕೆಗೆ ಬೇಡ.

ಸ್ಪ್ರಿಂಗ್ ಆರಿಸೋವಾಗ ಭಾರ ಮೊದಲು. ಸ್ಟೀಲ್ ಬಂಪರ್ 40-60 ಕೆಜಿ, ವಿಂಚ್ ಇನ್ನೊಂದು 35-40 ಕೆಜಿ, ಅಂದ್ರೆ ಮೂತಿ ಮೇಲೆ 100 ಕೆಜಿ ಹತ್ತಿರ. ಅದು ಆಕ್ಸಲ್‌ಗಿಂತ ಮುಂದೆ ನೇತಾಡೋದ್ರಿಂದ ಮುಂದಿನ ಸ್ಪ್ರಿಂಗ್ ಮೇಲೆ 100ಕ್ಕಿಂತ ಜಾಸ್ತಿನೇ ಬೀಳತ್ತೆ, ಹಿಂದೆ ಸ್ವಲ್ಪ ಹಗುರ ಆಗತ್ತೆ. ಸಾಧಾರಣ ಸ್ಪ್ರಿಂಗ್ ಇದಕ್ಕೆ ಸುಲಭವಾಗಿ 15-20 ಎಂಎಂ ಕೂತ್ಬಿಡತ್ತೆ, ನೀವು ದುಡ್ಡು ಕೊಟ್ಟಿದ್ದು 50ಕ್ಕೆ, ಉಳಿದಿದ್ದು 30. ಕಿಟ್ ಮಾಡೋರು ಒಂದೇ ಗಾಡಿಗೆ ಭಾರಕ್ಕೆ ತಕ್ಕ ಹಾಗೆ ಎರಡು ಮೂರು ಥರ ಸ್ಪ್ರಿಂಗ್ ಕೊಡ್ತಾರೆ, ಬಂಪರ್ ವಿಂಚ್ ಹಾಕೋದು ಖಚಿತ ಇದ್ರೆ ಮುಂದಕ್ಕೆ ಆ 100 ಕೆಜಿ ಲೆಕ್ಕದ್ದು ತಗೊಳಿ. ಆದ್ರೆ ಬಂಪರ್ ಮುಂದಿನ ವರ್ಷ ನೋಡೋಣ ಅಂತಿದ್ರೆ ಹೆವಿ ಸ್ಪ್ರಿಂಗ್ ಈಗ ಬೇಡ, ಭಾರ ಇಲ್ದೆ ಅದು ಗಾಡೀನ ಇನ್ನೂ 15 ಎಂಎಂ ಮೇಲೆ ಎತ್ತಿ ಹಿಡಿಯತ್ತೆ, ಮೂತಿ ಆಕಾಶಕ್ಕೆ, ಓಡಿಸಿದ್ರೆ ಬರೀ ಕುಕ್ಕು. ಹಿಂದಕ್ಕೆ ದಿನಾ ಇರೋ ಭಾರ ನೋಡಿ ಆರಿಸಿ, ವರ್ಷಕ್ಕೊಂದು ಟ್ರಿಪ್‌ನ ಭಾರಕ್ಕೆ ಸ್ಪ್ರಿಂಗ್ ಹಾಕಿಸಿದ್ರೆ ವರ್ಷವಿಡೀ ಹಿಂದಿನ ಸೀಟಿನವರ ಸೊಂಟ ಹೋಗತ್ತೆ. ಶಾಕ್ ಉದ್ದ ಹೊಸ ಎತ್ತರಕ್ಕೆ ಸರಿ ಹೊಂದಬೇಕು, ಅದರ ಡ್ಯಾಂಪಿಂಗ್ (ಕುಣಿತ ತಡೆಯೋ ಬಿಗಿ) ಹೊಸ ಸ್ಪ್ರಿಂಗ್‌ಗೆ ಹೊಂದಬೇಕು, ಕಂಪನಿ ಶಾಕ್ ಹಾಗೇ ಇರ್ಲಿ ಅನ್ನೋರ ಹತ್ತಿರ ಕೆಲಸ ಕೊಡಬೇಡಿ. ಮುಂದೆ ಅಪ್ಪರ್ ಕಂಟ್ರೋಲ್ ಆರ್ಮ್ ಬದಲಾಯಿಸೋದೂ ಒಳ್ಳೇದು, ಕಡ್ಡಾಯ ಅಲ್ಲ, ಅಲೈನ್‌ಮೆಂಟ್ ಮಾಡೋರು ಕ್ಯಾಸ್ಟರ್ ಸರಿ ಬರ್ತಿಲ್ಲ ಅಂದ್ರೆ ಆಗ ಹಾಕ್ಸಿ.

ಟೈರ್ ಉಜ್ಜತ್ತಾ ಅನ್ನೋದು ಬರೀ ಲಿಫ್ಟ್ ಮೇಲಿಲ್ಲ ಅನ್ನೋದು ನೆನಪಿರ್ಲಿ. ಗಾಡಿ ನಿಂತಿದ್ದಾಗ ಮಡ್‌ಗಾರ್ಡ್ ಒಳಗೆ ಬೇಕಾದಷ್ಟು ಜಾಗ ಕಾಣತ್ತೆ, ಆದ್ರೆ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಬಂಪ್ ಸ್ಟಾಪ್ (ಕೊನೇಲಿ ತಡೆಯೋ ರಬ್ಬರ್ ತುಂಡು) ಎಲ್ಲಿ ತಡೆಯತ್ತೋ ಅಲ್ಲೀವರೆಗೆ ಚಕ್ರ ಮೇಲೆ ಬರತ್ತೆ, ಬಂಪ್ ಸ್ಟಾಪ್ ಬದಲಾಗಿಲ್ಲ ಅಂದ್ರೆ ಆ ಜಾಗ ಲಿಫ್ಟ್ ಹಾಕೋ ಮೊದಲು ಎಷ್ಟಿತ್ತೋ ಈಗ್ಲೂ ಅಷ್ಟೇ. ಹಾಗಾಗಿ 33 ಹಾಕೋದಾದ್ರೆ ಒಂದು ಚಕ್ರವನ್ನ ರ್ಯಾಂಪ್ ಅಥವಾ ದೊಡ್ಡ ಕಲ್ಲು ಹತ್ತಿಸಿ ಪೂರ್ತಿ ಒತ್ತಿಸಿ, ಎರಡೂ ಕಡೆ ಕೊನೇವರೆಗೂ ಸ್ಟೀರಿಂಗ್ ತಿರುಗಿಸಿ ನೋಡಿ, ಮುಂದಿನ ಬಂಪರ್ ಮೂಲೆ, ಹಿಂದೆ ಬಾಡಿ ಅಂಚು, ಒಳಗೆ ಚಾಸಿಸ್, ಮೂರೂ ಕಡೆ. ರಿಮ್ ಆಫ್‌ಸೆಟ್ ಬದಲಾಯಿಸಿ ಚಕ್ರ ಹೊರಗೆ ತಂದ್ರೆ ಒಳಗಿನ ಉಜ್ಜೋದು ನಿಲ್ಲತ್ತೆ, ಹೊರಗಿನದು ಶುರು ಆಗತ್ತೆ, ವೀಲ್ ಬೇರಿಂಗ್‌ಗೂ ಹೊರೆ. ಇದನ್ನೆಲ್ಲ ನೋಡಿದ್ರೆ 32 ಇಂಚಿನ ಸ್ವಲ್ಪ ಸಪೂರ ಟೈರ್ ನನ್ನ ಮೊದಲ ಆಯ್ಕೆ, 33 ಎರಡನೇದು.

ಕೆಲಸ ಕೊಡೋ ಮೊದಲು ನೀವೇ ಅಳತೆ ತಗೊಳಿ. ಸಮತಟ್ಟಾದ ನೆಲ, ಟೈರ್ ಗಾಳಿ ಸರಿ ಇರ್ಲಿ, ಟ್ಯಾಂಕ್ ಎಷ್ಟಿದೆ ಬರೆದಿಟ್ಕೊಳಿ, ಚಕ್ರದ ಹಬ್ ಮಧ್ಯದಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಎಷ್ಟು ಎಂಎಂ ಅಂತ ನಾಲ್ಕೂ ಕಡೆ. ನೆಲದಿಂದ ಅಳೀಬೇಡಿ, ಟೈರ್ ಬದಲಾದ್ರೆ ಲೆಕ್ಕ ತಪ್ಪತ್ತೆ. ಹಳೇ ಸ್ಪ್ರಿಂಗ್ 20 ಎಂಎಂ ಕುಗ್ಗಿ ಹೋಗಿದ್ರೆ 40 ಎಂಎಂ ಕಿಟ್ ಹಾಕಿದಾಗ ನಿಮಗೆ ಕಾಣೋದು 60, ಇದನ್ನ ತಿಳೀದೆ ಎಷ್ಟೋ ಜನ ಬೇಕಿದ್ದಕ್ಕಿಂತ ಜಾಸ್ತಿ ಎತ್ತರದ ಕಿಟ್ ತಗೊಂಡಿರ್ತಾರೆ. ವಾರಂಟಿ, ಇನ್ಶೂರೆನ್ಸ್ ಮತ್ತು ನಿಮ್ಮಲ್ಲಿನ ವಾಹನ ನಿಯಮ ಎಷ್ಟು ಎತ್ತರ ಒಪ್ಪತ್ತೆ ಅನ್ನೋದನ್ನೂ ಆರ್ಡರ್ ಮಾಡೋ ಮೊದಲೇ ಕೇಳ್ಕೊಳಿ.

ಫಿಟ್ಟಿಂಗ್ ದಿನ ಗ್ಯಾರೇಜ್‌ನಲ್ಲಿ ನಿಂತು ಒಂದು ವಿಷಯ ನೋಡಿ. ಗಾಡೀನ ಗ್ಯಾರೇಜ್‌ನವರು ಮೇಲೆ ಎತ್ತಿ ನಿಲ್ಲಿಸಿ, ಚಕ್ರ ನೇತಾಡ್ತಾ ಇರೋವಾಗ ಕಂಟ್ರೋಲ್ ಆರ್ಮ್ ಬೋಲ್ಟ್‌ಗಳನ್ನ ಫೈನಲ್ ಟೈಟ್ ಮಾಡೋ ಹಾಗಿಲ್ಲ. ಆ ಬೋಲ್ಟ್ ಹೋಗೋ ಬುಷ್ ಒಳಗಿನ ರಬ್ಬರ್ ಕಬ್ಬಿಣದ ಕೊಳವೆಗೆ ಅಂಟಿರತ್ತೆ, ನೇತಾಡೋ ಸ್ಥಿತೀಲಿ ಬಿಗಿ ಮಾಡಿದ್ರೆ ಗಾಡಿ ಕೆಳಗಿಳಿಸಿದ ತಕ್ಷಣ ಆ ರಬ್ಬರ್ ತಿರುಚ್ಕೊಂಡೇ ಇರತ್ತೆ, ನಿಂತಲ್ಲೇ. ಕೆಲವೇ ತಿಂಗಳಲ್ಲಿ ಸೀಳು ಬಿಟ್ಟು ಕೀಚ್ ಕೀಚ್ ಅನ್ನತ್ತೆ. ಕೈಯಲ್ಲಿ ಹಿಡಿಯೋಷ್ಟು ಬಿಗಿ ಮಾಡಿ, ಗಾಡಿ ನೆಲಕ್ಕಿಳಿಸಿ, ಒಂದೆರಡು ಸಲ ಕುಲುಕಿ, ಭಾರ ಚಕ್ರದ ಮೇಲಿದ್ದಾಗ್ಲೇ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿಸಿ.

ಆಮೇಲೆ ಚಕ್ರ ಪೂರ್ತಿ ಕೆಳಗಿಳಿದು ಸ್ಟೀರಿಂಗ್ ಪೂರ್ತಿ ತಿರುಗಿದಾಗ ಬ್ರೇಕ್ ಹೋಸ್, ಎಬಿಎಸ್ ವೈರ್ ಬಿಗಿಯಾಗಿ ಎಳೀತಿದ್ಯಾ ನೋಡಿ. ಗಾಡೀಲಿ ಹಿಂದೆ ಭಾರಕ್ಕೆ ತಕ್ಕ ಹಾಗೆ ಬ್ರೇಕ್ ಹಂಚೋ ವಾಲ್ವ್ ಇದ್ರೆ, ಆಕ್ಸಲ್‌ಗೆ ಒಂದು ಸಣ್ಣ ರಾಡ್ ಜೋಡಿಸಿರತ್ತೆ, ಅದನ್ನೂ ಹೊಸ ಎತ್ತರಕ್ಕೆ ಸೆಟ್ ಮಾಡಿಸಿ, ಇಲ್ಲಾಂದ್ರೆ ಹಿಂದೆ ಭಾರನೇ ಇಲ್ಲ ಅಂತ ತಿಳ್ಕೊಂಡು ಅದು ಹಿಂದಿನ ಬ್ರೇಕ್ ಕಮ್ಮಿ ಮಾಡತ್ತೆ. ವೀಲ್ ಅಲೈನ್‌ಮೆಂಟ್ ಅದೇ ದಿನ, ಹೆಡ್‌ಲೈಟ್ ತಗ್ಗಿಸೋದೂ ಅದೇ ದಿನ, ಮುಂದೆ ಕ್ಯಾಮೆರಾ ರಾಡಾರ್ ಇರೋ ಗಾಡಿ ಆದ್ರೆ ಅದರ ಕ್ಯಾಲಿಬ್ರೇಶನ್ ಕೂಡ. ಮೊದಲ 500 ಕಿಲೋಮೀಟರ್ ಆದ್ಮೇಲೆ ಎಲ್ಲಾ ಬೋಲ್ಟ್ ಟಾರ್ಕ್ ಇನ್ನೊಂದ್ಸಲ ಚೆಕ್ ಮಾಡಿಸಿ, ಹಬ್‌ನಿಂದ ಮಡ್‌ಗಾರ್ಡ್ ಅಳತೆನೂ ಮತ್ತೆ ತಗೊಳಿ, ಹೊಸ ಸ್ಪ್ರಿಂಗ್ ಸ್ವಲ್ಪ ಕೂತಿರತ್ತೆ, ಕೂತಿದ್ರೆ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಬೇಕು. ಬಂಪರ್ ವಿಂಚ್ ಆಮೇಲೆ ಕೂರಿಸೋದಾದ್ರೆ ಅದು ಕೂತ ಮೇಲೂ ಅಷ್ಟೇ.